ಹಿಂದಿನ ಸೀಟಿನವರು

ಮುರುಕು ಮಂಟಪ ದಾಟಿದ ಮೇಲೆ ಕೋಟೆ ರಸ್ತೆಯಲ್ಲಿ ಬೈಕಿನ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಹೋಗುವುದು ನಮ್ಮೂರಿನಲ್ಲಿ ಯಾರಿಂದಲೂ ಆಗುವ ಮಾತಲ್ಲ. ಯಾರೋ ಬಂದು ಕೂತೇ ಕೂರುತ್ತಾರೆ. ಕಣ್ಣಿಗೆ ಕಾಣುವುದಿಲ್ಲ, ಮಾತಾಡುವುದಿಲ್ಲ, ಹೆಗಲ ಮೇಲೆ ಕೈ ಇಡುವುದೂ ಇಲ್ಲ. ಮಂಟಪದ ಹತ್ತಿರ ನಿಧಾನ ಮಾಡಿದಾಗ ಹಿಂದಿನ ಸ್ಪ್ರಿಂಗು ಮೆತ್ತಗೆ ಕೆಳಗಿಳಿಯುತ್ತದೆ, ಹೆಡ್‌ಲೈಟಿನ ಮೂತಿ ಒಂದು ಬೆರಳು ಮೇಲೇಳುತ್ತದೆ, ಅಷ್ಟೇ. ಕೋಟೆ ಬಾಗಿಲವರೆಗೆ ಬಂದು ಅಲ್ಲಿ ಇಳಿದು ಹೋಗುತ್ತಾರೆ. ವಾಪಸ್ ಬರುವಾಗ ಯಾರೂ ಇರುವುದಿಲ್ಲ. ಆ ಕಡೆಯ ಹಳ್ಳಿಗಳಿಗೆ ಮೊಟ್ಟೆ ಒಯ್ಯುವವರು ಹಿಂದಿನ ಸೀಟಿನ ಮೇಲೆ ಟ್ರೇ ಕಟ್ಟಿಬಿಡುತ್ತಾರೆ. ಜಾಗ ಇಲ್ಲದಿದ್ದರೆ ಕೂರುವುದಿಲ್ಲ, ಮರ್ಯಾದಸ್ಥರು. ಜಾಗ ಇರುವವರು ಹಿಂದಿನ ಟೈರಿಗೆ ನಾಲ್ಕು ಪೌಂಡು ಗಾಳಿ ಜಾಸ್ತಿ ಹಾಕಿಸಿಕೊಂಡು ಹೊರಡುತ್ತಾರೆ.

ಇದರಿಂದ ನನ್ನ ಹೊಟ್ಟೆಪಾಡೂ ನಡೆದಿದೆ ಅನ್ನಿ. ನಾನು ಬೋರಲಿಂಗ. ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಗ್ಯಾರೇಜು. ಯಾರ ಕೈಕೆಳಗೂ ಕಲಿತ ವಿದ್ಯೆಯಲ್ಲ, ಬಿಚ್ಚಿ ಬಿಚ್ಚಿ ಕಲಿತದ್ದು. ಕೋಟೆ ಕಡೆ ಹೊರಟವರು ಮೊದಲು ನನ್ನ ಹತ್ತಿರ ಬರುತ್ತಾರೆ. “ಬೋರಣ್ಣ, ನಮ್ಮೋರು ಈ ಸಲ ಸ್ವಲ್ಪ ತೂಕ ಆಗವ್ರೆ ಅನ್ಸುತ್ತೆ, ಸ್ಪ್ರಿಂಗು ಒಂದು ಹಲ್ಲು ಬಿಗಿ ಮಾಡಿ” ಅನ್ನುತ್ತಾರೆ, ನಾನು ಬಿಗಿ ಮಾಡುತ್ತೇನೆ. ‘ನಮ್ಮೋರು’ ಅಂದರೆ ಯಾರು ಅಂತ ಕೇಳುವಂತಿಲ್ಲ. ತೂಕ ಕೇಳಬಹುದು, ಯಾರು ಅಂತ ಕೇಳಬಾರದು, ಅದು ನಮ್ಮೂರಿನ ಕಟ್ಟಳೆ. ಹೀಗೆ ಊರಿನ ಅರ್ಧ ಗಾಡಿಗಳಲ್ಲಿ ಕೂರುವವರ ತೂಕ ನನ್ನ ಸ್ಪ್ಯಾನರಿಗೆ ಗೊತ್ತು. ನನ್ನ ಸ್ವಂತ ಗಾಡಿಯದು ಮಾತ್ರ ಗೊತ್ತಿಲ್ಲ. ಅದರ ಮೇಲೆ ಯಾವತ್ತೂ ಯಾರೂ ಕೂತಿಲ್ಲ.

ಪ್ರಯತ್ನ ಮಾಡಲಿಲ್ಲ ಅಂತಲ್ಲ. ಸೀಟಿಗೆ ಹೊಸ ಕವರು ಹಾಕಿಸಿದೆ. ಒಳಗಿನ ಸ್ಪಂಜು ದಪ್ಪ ಮಾಡಿಸಿದೆ. ಒಂದು ಸಲ ಮಂಟಪದ ಮುಂದೆ ಇಂಜಿನ್ ಆನ್ ಇಟ್ಟುಕೊಂಡು ಹತ್ತು ನಿಮಿಷ ನಿಂತೆ. ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು, “ಯಾರಿಗ್ ಕಾಯ್ತಿದ್ದೀಯಪ್ಪಾ?” ಅಂದಳು. “ಪೆಟ್ರೋಲು ಬರ್ತಾ ಇಲ್ಲ ಕಣವ್ವ” ಅಂದೆ. ನನಗೆ ಹಿಂದಿಲ್ಲ ಮುಂದಿಲ್ಲ. ಹೆತ್ತವರ ಮುಖ ನೋಡಿದವನಲ್ಲ, ಮದುವೆಯಾದವನಲ್ಲ. ಹಾಗಾಗಿ ಬರುವುದಕ್ಕೆ ನನ್ನವರು ಅಂತ ಯಾರಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಕೂರುವವರು ಸವಾರನ ಸಂಬಂಧಿಕರೇ ಆಗಬೇಕು ಅಂತ ಯಾರು ಹೇಳಿದ್ದಾರೆ? ಊರಿಗೆ ಹೊಸದಾಗಿ ಬಂದ ಔಷಧಿ ಕಂಪನಿಯವನ ಗಾಡಿಗೂ ಮೊದಲ ದಿನವೇ ಕೂತರು. ನನ್ನದಕ್ಕೆ ಇಲ್ಲ.

ಗಾಳಿಗುದುರೆ ಮೋಟಾರ್‌ಸೈಕಲ್ ಬಳಗ ಅಂತ ನಮ್ಮದೊಂದು ಹನ್ನೆರಡು ಜನರ ಗುಂಪಿದೆ. ವರ್ಷಕ್ಕೊಮ್ಮೆ, ಪುಷ್ಯ ಕಳೆದ ಮೊದಲ ಭಾನುವಾರ, ಎಲ್ಲರೂ ಒಟ್ಟಿಗೆ ಕೋಟೆಗೆ ಹೋಗಿ ಸಂಜೆಗೆ ವಾಪಸ್. ಹೆಂಡತಿ ಮಕ್ಕಳನ್ನು ಅವತ್ತು ಕರೆತರುವಂತಿಲ್ಲ. ಎಲ್ಲರ ಹಿಂದಿನ ಸೀಟೂ ಖಾಲಿ ಇರಬೇಕು. ಮುಂದೆ ಅಧ್ಯಕ್ಷರಾದ ಚೆಲುವಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ಕೊರಳಲ್ಲಿ ಇವತ್ತಿಗೂ ವಿಶಲ್. ಕೊನೆಯ ಗಾಡಿ ನನ್ನದು. ಯಾರದಾದರೂ ಕೆಟ್ಟು ನಿಂತರೆ ರಿಪೇರಿ ಮಾಡಬೇಕಲ್ಲ. ಸೇರಿದ ಮೊದಲ ವರ್ಷ ಕೋಟೆ ಬಾಗಿಲಲ್ಲಿ ಟೀ ಕುಡಿಯುವಾಗ ಒಬ್ಬೊಬ್ಬರೂ ತಮ್ಮ ತಮ್ಮವರ ಸುದ್ದಿ ಹೇಳತೊಡಗಿದರು. ನಮ್ಮೋರು ತಿರುವಿನಲ್ಲಿ ಒಂದೇ ಕಡೆ ವಾಲ್ತಾರೆ, ನಮ್ಮೋರಿಗೆ ಸ್ಪೀಡ್ ಅಂದ್ರೆ ಆಗಲ್ಲ, ಹೀಗೆ. “ನಿಮ್ಮೋರು ಎಷ್ಟು ಅವ್ರೆ ಬೋರಣ್ಣ?” ಅಂದರು. ಎಲ್ಲರೂ ನನ್ನ ಕಡೆ ತಿರುಗಿದ್ದರು. “ನಲವತ್ತೆರಡು ಕಿಲೋ ಇರಬಹುದು” ಅಂದುಬಿಟ್ಟೆ.

ಸುಳ್ಳು ಅಷ್ಟಕ್ಕೇ ನಿಲ್ಲಲಿಲ್ಲ. ಸುಳ್ಳಿಗೂ ವರ್ಷ ವರ್ಷ ಸರ್ವೀಸ್ ಮಾಡಿಸಬೇಕು. ಎರಡನೇ ವರ್ಷ ನಮ್ಮೋರಿಗೆ ಲಾರಿ ಹಾರನ್ ಅಂದರೆ ಭಯ ಅಂದೆ. ಮೂರನೇ ವರ್ಷ ಎಡಗಡೆ ತಿರುವಿನಲ್ಲಿ ಬಿಗಿಯಾಗಿ ಕೂರುತ್ತಾರೆ ಅಂದೆ. ಮುಂದಿನವರ ಕನ್ನಡಿಗೆ ಕಾಣಲಿ ಅಂತ ಹಂಪು ಬಂದಾಗಲೆಲ್ಲ ತಲೆ ಹಿಂದಕ್ಕೆ ತಿರುಗಿಸಿ ಖಾಲಿ ಸೀಟಿಗೆ ಏನೋ ಹೇಳಿದ ಹಾಗೆ ಬಾಯಾಡಿಸುತ್ತಿದ್ದೆ. “ನಿಮ್ಮೋರು ಬಲು ನಾಜೂಕು ಕಣಪ್ಪ” ಅನ್ನುತ್ತಿದ್ದರು ಮೇಷ್ಟ್ರು. ರಸ್ತೆಯಲ್ಲಿ ಸಿಕ್ಕಾಗ, “ನಿಮ್ಮೋರು ಹೆಂಗವ್ರೆ?” ಅಂತ ವಿಚಾರಿಸಿಕೊಳ್ಳುವವರೂ ಇದ್ದರು. ನನ್ನನ್ನು ಹೇಗಿದ್ದೀಯ ಅಂತ ಕೇಳುವವರಿಗಿಂತ ಅವರೇ ಜಾಸ್ತಿ. ಹೀಗೆ ಒಂಬತ್ತು ವರ್ಷ ನಡೆಯಿತು.

ಈ ವರ್ಷ ಯತಿರಾಜ ಕೆಡಿಸಿದ. ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಅವನದು. ಮೂವತ್ತು ದಾಟಿಲ್ಲ, ಎಲ್ಲದಕ್ಕೂ ದಾಖಲೆ ಕೇಳುವ ಮನುಷ್ಯ. ಹಿಂದಿನ ಶನಿವಾರ ಗ್ಯಾರೇಜಿನಲ್ಲಿ ಮೀಟಿಂಗ್ ಸೇರಿದ್ದಾಗ, “ಮೇಷ್ಟ್ರೇ, ನಮ್ಮೋರು ಎಂಬತ್ತು ಕಿಲೋ ಅಂದ್ರೆ ಯಾರೂ ನಂಬಲ್ಲ. ದಾರೀಲಿ ಕಲ್ಲು ಕ್ರಷರ್‌ನವರ ವೇಬ್ರಿಜ್ ಐತಲ್ಲ, ಎಲ್ಲರನ್ನೂ ತೂಗಿಸಿಬಿಡೋಣ. ಗಾಡಿ ತೂಕ ಪುಸ್ತಕದಲ್ಲೈತೆ, ನಮ್ಮ ತೂಕ ಬೆಳಿಗ್ಗೆ ಅಕ್ಕಿ ಅಂಗಡೀಲಿ ನೋಡ್ಕೊಳ್ಳೋಣ, ಮಿಕ್ಕಿದ್ದು ಅವರದು” ಅಂದ.

“ದೊಡ್ಡೋರನ್ನ ಕಲ್ಲಿನ ಲಾರಿ ತರ ತೂಗಿಸ್ತೀಯೇನೋ, ನಾಚಿಕೆ ಆಗಲ್ವಾ?” ಅಂದಳು ನಸೀಮಾ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ನಮ್ಮ ಬಳಗದ ಒಬ್ಬಳೇ ಹೆಣ್ಣುಮಗಳು.

“ಅಕ್ಕಾ, ನೀವು ದಿನಾ ಎಲ್ಲರನ್ನೂ ತೂಗ್ತೀರಲ್ಲ!” ಅಂದ ಯತಿರಾಜ. ಎಲ್ಲರೂ ನಕ್ಕರು. ಮೇಷ್ಟ್ರಿಗೂ ಒಳಗೊಳಗೆ ಆಸೆಯಿತ್ತು ಅಂತ ಕಾಣುತ್ತದೆ, “ಆಗಲಿ, ಒಂದು ಸಲ” ಅಂದುಬಿಟ್ಟರು.

ನನಗೆ ನಿದ್ದೆ ಹಾರಿತು. ಬರುವುದಿಲ್ಲ, ಜ್ವರ ಅನ್ನಬಹುದಿತ್ತು. ಆದರೆ ವರ್ಷದಲ್ಲಿ ನನಗಿರುವುದು ಅದೊಂದೇ ದಿನ. ಕೊನೆಗೆ ಮೆಕ್ಯಾನಿಕ್ಕಿನ ಬುದ್ಧಿಗೆ ಹೊಳೆಯುವುದೇ ಹೊಳೆಯಿತು. ಗಾಡಿಯ ಎರಡೂ ಸೈಡ್ ಬಾಕ್ಸಿನಲ್ಲಿ ಹಳೇ ಚೈನು, ಸವೆದ ಸ್ಪ್ರಾಕೆಟ್ಟು, ಕ್ಲಚ್ ಪ್ಲೇಟು, ಮುರಿದ ಕಿಕ್ಕರು ಎಲ್ಲ ತುಂಬಿದೆ. ಗುಜರಿ ಅಂಗಡಿಯ ತಕ್ಕಡಿಯಲ್ಲಿಟ್ಟು ಸರಿಯಾಗಿ ನಲವತ್ತೆರಡು ಕಿಲೋ ಮಾಡಿದೆ. ಒಂದು ಬೋಲ್ಟು ತೆಗೆದು, ಒಂದು ನಟ್ಟು ಹಾಕಿ, ಅಷ್ಟು ಕರಾರುವಾಕ್ಕು. ಸದ್ದಾಗದಿರಲಿ ಅಂತ ನಡುವೆ ಹಳೇ ಬಟ್ಟೆ ತುರುಕಿದೆ. ಸ್ಪ್ರಿಂಗನ್ನು ಕೊನೆಯ ಹಲ್ಲಿನವರೆಗೆ ಬಿಗಿ ಮಾಡಿದೆ.

ಭಾನುವಾರ ಬೆಳಿಗ್ಗೆ ಹೊರಟೆವು. ಮೇಷ್ಟ್ರು ಪ್ರತಿ ವರ್ಷದಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಯಲ್ಲಿ ಏಲಕ್ಕಿ ಹಾಕಿಕೊಂಡಿದ್ದರು. ಯಾರಿಗಾಗಿ ಅಂತ ನಾವು ಕೇಳುವವರಲ್ಲ. ಮಂಟಪದ ಹತ್ತಿರ ಒಂದೊಂದಾಗಿ ಗಾಡಿಗಳು ನಿಧಾನವಾದವು, ಒಂದೊಂದರ ಬೆನ್ನೂ ಬಾಗಿತು. ಕೊನೆಗೆ ನಾನು ದಾಟಿದೆ. ಏನೂ ಗೊತ್ತಾಗಲಿಲ್ಲ. ಆ ಕಬ್ಬಿಣಕ್ಕೆ ನನ್ನ ಗಾಡಿ ಮೊದಲೇ ಕುಸಿದು ಕೂತಿತ್ತು.

ವೇಬ್ರಿಜ್ಜಿನಲ್ಲಿ ಯಾರೂ ಗಾಡಿಯಿಂದ ಇಳಿಯಲಿಲ್ಲ. ಇಳಿಯುವಂತಿಲ್ಲ. ಸವಾರ ಕಾಲೆತ್ತಿ ಕೆಳಗಿಳಿದರೆ ಹಿಂದಿನವರೂ ಇಳಿದು ಹೊರಟುಹೋಗುತ್ತಾರೆ, ಮತ್ತೆ ಹತ್ತುವುದಿಲ್ಲ. ಹಾಗಾಗಿ ದಾರಿಯಲ್ಲಿ ಟೀ ಆದರೂ ಗಾಡಿಯ ಮೇಲೇ, ಜಗಳ ಆದರೂ ಗಾಡಿಯ ಮೇಲೇ. ಮಷೀನಿನ ಗೂಡಿನಲ್ಲಿ ಕೂತಿದ್ದ ಬಾಬಣ್ಣ ಮೊದಲೇ ಹೇಳಿದ: “ನೋಡ್ರಪ್ಪಾ, ಇದು ಜಲ್ಲಿ ತೂಗೋ ಮಷೀನು. ಹತ್ತು ಇಪ್ಪತ್ತು ಕಿಲೋ ಆಚೆ ಈಚೆ ಆದ್ರೆ ನನ್ನ ಕೇಳ್ಬೇಡಿ.”

ಮೊದಲು ಯತಿರಾಜ. ಕೆಂಪು ಅಂಕಿ ನೋಡಿ, ಮೊಬೈಲಿನಲ್ಲಿ ಕಳೆದು, “ಎಪ್ಪತ್ತೈದು!” ಅಂತ ಕೂಗಿದ. ಐದು ಕಿಲೋ ಹೋಯಿತು ಅಂತ ಮುಖ ಸ್ವಲ್ಪ ಸಣ್ಣದಾಯಿತು. ಮೇಷ್ಟ್ರದು ಐವತ್ತು ಬಂತು. ಅವರು ನಗಲಿಲ್ಲ. “ಇಷ್ಟು ಕಡಿಮೆ ಇರಲಿಲ್ಲ ಅವರು” ಅಂತ ತಮ್ಮಷ್ಟಕ್ಕೆ ಅಂದುಕೊಂಡು ಗಾಡಿ ಮುಂದೆ ತೆಗೆದುಕೊಂಡರು. ನಸೀಮಾ ತನ್ನ ಅಂಕಿ ನೋಡಲೇ ಇಲ್ಲ. ಎಲ್ಲರದೂ ಆಗಿ ನಾನು ಹತ್ತಿದೆ. ನಲವತ್ತು ತೋರಿಸಿದರೂ ಸರಿ, ನಲವತ್ತೈದಾದರೂ ಸರಿ ಅಂದುಕೊಂಡೆ.

“ಅರವತ್ತು!” ಅಂದ ಯತಿರಾಜ. “ಏನಣ್ಣ ಇದು, ನಿಮ್ಮೋರು ಹೀಗೆ ಊದ್ಕೊಂಡವ್ರೆ! ಏನ್ ತಿನ್ನಿಸ್ತಿದ್ದೀರಿ?”

ಎಲ್ಲರೂ ಹೋ ಅಂತ ನಕ್ಕರು. ನಾನೂ ನಕ್ಕೆ. ಬ್ರಿಜ್ಜಿನಿಂದ ಗಾಡಿ ಇಳಿಸಿ, ಗಾಡಿಯ ಮೇಲೇ ಎಲ್ಲರ ಹಿಂದೆ ನಿಂತು, ಆಮೇಲೆ ಲೆಕ್ಕ ಹಾಕಿದೆ. ಅರವತ್ತರಲ್ಲಿ ನಲವತ್ತೆರಡು ನನ್ನ ಕಬ್ಬಿಣ. ಉಳಿದದ್ದು ಹದಿನೆಂಟು.

ಹದಿನೆಂಟು ಅಂದರೆ ಎಷ್ಟು? ಖಾಲಿ ಗ್ಯಾಸ್ ಸಿಲಿಂಡರಿಗಿಂತ ಎರಡು ಕಿಲೋ ಜಾಸ್ತಿ. ನಾಲ್ಕೈದು ವರ್ಷದ ಕೂಸು. ಇಲ್ಲವೇ ಸೊರಗಿ ಸೊರಗಿ ಅಷ್ಟಾದ ಮುದುಕಿ. ಇಲ್ಲವೇ ಬಾಬಣ್ಣನ ಮಷೀನು. ಬೇರೆ ಯಾವ ವರ್ಷ ಆಗಿದ್ದರೂ ಮಂಟಪದ ಹತ್ತಿರವೇ ನನ್ನ ಸೊಂಟಕ್ಕೆ ಗೊತ್ತಾಗಿಬಿಡುತ್ತಿತ್ತು. ಒಂಬತ್ತು ವರ್ಷ ಕಾದು, ಬಂದರೋ ಏನೋ ಅನ್ನುವ ವರ್ಷವೇ ನಾನು ಕಬ್ಬಿಣ ತುಂಬಿಕೊಂಡು ಬಂದಿದ್ದೆ. ತಿಳಿಯಬೇಕಾದರೆ ಕಬ್ಬಿಣ ತೆಗೆಯಬೇಕು. ಕಬ್ಬಿಣ ತೆಗೆಯಬೇಕಾದರೆ ಕೆಳಗಿಳಿಯಬೇಕು. ಇಳಿದರೆ ಅವರೂ ಇಳಿದುಹೋಗುತ್ತಾರೆ.

ಮುಂದಿನ ಹನ್ನೆರಡು ಕಿಲೋಮೀಟರ್ ಹಾಗೇ ಓಡಿಸಿದೆ. ಎಲ್ಲರನ್ನೂ ಮುಂದೆ ಬಿಟ್ಟು, ಯಾರ ಕನ್ನಡಿಗೂ ಕಾಣದಷ್ಟು ಹಿಂದೆ ಉಳಿದೆ. ಹಂಪು ಬಂತು. ಈ ಸಲ ತೋರಿಕೆಗಲ್ಲದೆ ಬಾಯಿ ತೆರೆದೆ. ಹದಿನೆಂಟು ಕಿಲೋದವರನ್ನು ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯಲಿಲ್ಲ. ನೀವು ಅಂದೆ. “ಹಂಪು ಬಂತು, ಗಟ್ಟಿಯಾಗಿ ಹಿಡ್ಕೊಳ್ಳಿ. ಸ್ಪ್ರಿಂಗು ಬಿಗಿಯಾಗೈತೆ, ಎತ್ತಿ ಹಾಕುತ್ತೆ. ತಪ್ಪು ನನ್ನದೇ.” ಆಮೇಲೆ ಮಾತು ತಡೆಯಲಾಗಲಿಲ್ಲ. ಅಗೋ ಆ ಬಂಡೆ ಕೂತ ಎತ್ತಿನ ತರ ಇಲ್ಲವಾ ಅಂದೆ. ಈ ಕೆರೆ ಹೋದ ವರ್ಷ ತುಂಬಿತ್ತು ಅಂದೆ. ಬಿಸಿಲು ಜಾಸ್ತಿಯಾಯಿತಾ ಅಂತ ಕೇಳಿದೆ. ಉತ್ತರ ಬರಲಿಲ್ಲ, ಬರುವುದೂ ಇಲ್ಲ. ಆದರೆ ನಲವತ್ತೇಳು ವರ್ಷದಲ್ಲಿ ಬೆನ್ನ ಹಿಂದೆ ಯಾರೋ ಕೇಳಿಸಿಕೊಳ್ಳುತ್ತಿರಬಹುದು ಅಂತ ನಾನು ಮಾತಾಡಿದ್ದು ಅದೇ ಮೊದಲು.

ಕೋಟೆ ಬಾಗಿಲು ಅಂದರೆ ಆನೆ ಅಂಬಾರಿ ಸಮೇತ ನುಗ್ಗುವಷ್ಟು ದೊಡ್ಡದು. ಮರದ ಕದ ಹೋಗಿ ಯಾವ ಕಾಲವಾಯಿತೋ, ಕಲ್ಲಿನ ತೋಳು ಎರಡೂ ನಿಂತಿವೆ. ಪಕ್ಕದಲ್ಲಿ ಪುರಾತತ್ವ ಇಲಾಖೆಯ ನೀಲಿ ಬೋರ್ಡು, ಆಳಿದವರ ಹೆಸರಿನ ಮೇಲೆ ಯಾರೋ ತಮ್ಮ ಹೆಸರು ಗೀಚಿದ್ದಾರೆ. ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಪ್ರತಿಯೊಬ್ಬರೂ ಮೆತ್ತಗೆ, “ಇಳೀರಿ” ಅನ್ನಬೇಕು. ಹೇಳದೆ ತಾವೇ ಇಳಿಯುವುದು ಬಸ್ಸಿನಿಂದ ನೂಕಿದ ಹಾಗೆ, ಹಾಗೆ ಯಾರೂ ಮಾಡುವುದಿಲ್ಲ. ಹನ್ನೊಂದು ಜನರೂ ‘ಇಳೀರಿ’ ಅಂದರು. ಹನ್ನೊಂದು ಗಾಡಿಗಳ ಬೆನ್ನು ಒಂದಾದ ಮೇಲೊಂದು ಮೇಲೆದ್ದವು. ಆಮೇಲೆ ಒಂದು ಗಳಿಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬ ಬಿಚ್ಚದ ಶೂ ಲೇಸು ಕಟ್ಟಿಕೊಂಡ. ಒಬ್ಬ ಸರಿಯಾಗೇ ಇದ್ದ ಚೈನು ಬಗ್ಗಿ ನೋಡಿದ. ಪ್ರತಿ ವರ್ಷ ಹೀಗೇ. ಬಿಸಿಲಿನ ಸುಸ್ತು ಅಂದುಕೊಂಡಿದ್ದೆ. ಅಷ್ಟರಲ್ಲಿ ಮೇಷ್ಟ್ರು ವಿಶಲ್ ಊದಿ ತಲೆ ಎಣಿಸಿದರು.

“ಬೋರಲಿಂಗ, ಇಳಿಯಪ್ಪ.”

“ಕಾಲು ಜೋಮು ಹಿಡಿದೈತೆ ಮೇಷ್ಟ್ರೇ. ನೀವು ನಡೀರಿ, ಬಂದೆ.”

ಹೋದರು. ನಾನು ಕಾಲೂರಿ ಕೂತೆ. ಮೇಲಿನಿಂದ ಅವರ ನಗು, ಕೊಳದ ಹತ್ತಿರ ಫೋಟೋ ತೆಗೆಸಿಕೊಳ್ಳುವ ಗಲಾಟೆ ಕೇಳುತ್ತಿತ್ತು. ಬಿಸಿಲು ನೆತ್ತಿಗೆ ಬಂತು. ಇಲಾಖೆಯ ಕಾವಲುಗಾರ ಬಂದು, “ಇಲ್ಲಿ ಗಾಡಿ ನಿಲ್ಲಿಸಂಗಿಲ್ಲ” ಅಂದ. “ನಿಲ್ಲಿಸಿಲ್ಲ ಸ್ವಾಮಿ, ಕೂತಿದ್ದೀನಿ” ಅಂದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೊರಟುಹೋದ. ಒಂದು ಗಂಟೆ ಆಯಿತು, ಒಂದೂವರೆ ಆಯಿತು. ‘ಇಳೀರಿ’ ಅಂದರೆ ಅವರು ಇದ್ದರೋ ಇರಲಿಲ್ಲವೋ ತಿಳಿಯದೆ ಎಲ್ಲ ಮುಗಿದುಹೋಗುತ್ತದೆ. ಹೇಳದಿದ್ದರೆ ಎಷ್ಟು ಹೊತ್ತು?

ನಸೀಮಾ ಬಾಳೆಲೆಯಲ್ಲಿ ಕಟ್ಟಿದ ಚಿತ್ರಾನ್ನ, ಒಂದು ಬಾಟಲಿ ನೀರು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. “ಅಣ್ಣಾ, ಜೋಮು ಒಂದೂವರೆ ಗಂಟೆ ಇರಲ್ಲ. ಇಪ್ಪತ್ತು ವರ್ಷದ ಸರ್ವೀಸು ನನ್ನದು.”

“ಹೊಟ್ಟೆ ಸರಿಯಿಲ್ಲ ತಂಗಿ.”

“ಹೊಟ್ಟೆ ಸರಿಯಿಲ್ಲದೋರು ಗಾಡಿ ಮೇಲೆ ಕೂರ್ತಾರಾ? ಏನಾಯ್ತು ಹೇಳಿ.”

ಹೇಳಿಬಿಟ್ಟೆ. ಒಂಬತ್ತು ವರ್ಷದ ಸುಳ್ಳು, ಕಬ್ಬಿಣ, ಹದಿನೆಂಟು ಕಿಲೋ ಎಲ್ಲ. ಮುಗಿದ ಮೇಲೆ ಅವಳ ಮುಖ ಕೆಂಪಾಯಿತು. ಅಯ್ಯೋ ಪಾಪ ಅನ್ನುತ್ತಾಳೆ ಅಂದುಕೊಂಡಿದ್ದೆ, ಅನ್ನಲಿಲ್ಲ.

“ಹಿಂದೆ ಯಾರೂ ಇಲ್ಲ ಅಂದಿದ್ರೆ ನಾವು ನಿಮ್ಮನ್ನ ಬಿಟ್ಟು ಹೋಗ್ತಿದ್ವಾ? ಮುಂದೆ ಹನ್ನೊಂದು ಜನ ಹೋಗ್ತಿದ್ದೀವಲ್ಲ, ನಾವೇನು ಮೈಲಿಗಲ್ಲಾ?”

“ನಿಮಗೆಲ್ಲ ಇರ್ತಾರಲ್ಲ ತಂಗಿ. ನಿಮಗೆ ಅದು ತಿಳಿಯಲ್ಲ.”

ಅವಳು ಚಿತ್ರಾನ್ನ, ಬಾಟಲಿ ಎರಡನ್ನೂ ಮೆಟ್ಟಿಲ ಮೇಲಿಟ್ಟಳು. ಆಮೇಲೆ ಕೇಳಿದಳು: “ಅದಿರಲಿ. ಕಬ್ಬಿಣ ತೆಗೆಯೋಕೆ ನೀವೇ ಯಾಕೆ ಇಳೀಬೇಕು?”

ನನಗೆ ಅರ್ಥವಾಗಲಿಲ್ಲ.

“ನೀವು ಕೂತಿರಿ, ನಾನು ತೆಗೀತೀನಿ. ಅಷ್ಟೇ ತಾನೆ?”

ನಗಬೇಡಿ. ವೇಬ್ರಿಜ್ಜಿನಿಂದ ಕೋಟೆಯವರೆಗೆ, ಅಲ್ಲಿ ಬಿಸಿಲಲ್ಲಿ ಒಂದೂವರೆ ಗಂಟೆ, ನಾನು ಎಲ್ಲಾ ದಾರಿ ಯೋಚನೆ ಮಾಡಿದ್ದೆ. ಬಾಕ್ಸಿನ ತಳ ಕೊರೆಯುವುದನ್ನೂ ಯೋಚನೆ ಮಾಡಿದ್ದೆ. ಇನ್ನೊಬ್ಬರು ಕೈ ಹಾಕಿ ತೆಗೆಯಬಹುದು ಅನ್ನುವುದು ಹೊಳೆದಿರಲೇ ಇಲ್ಲ. ಒಬ್ಬನೇ ಬದುಕಿದವನ ತಲೆಯಲ್ಲಿ ಇರುವುದು ಎರಡೇ ಕೈ.

ಅವಳು ದುಪಟ್ಟಾ ಸೊಂಟಕ್ಕೆ ಕಟ್ಟಿ ಬಾಕ್ಸು ತೆರೆದಳು. ಚೈನು ತೆಗೆದು ಕೋಟೆ ಗೋಡೆಯ ಬುಡದಲ್ಲಿಟ್ಟಳು. ಸ್ಪ್ರಾಕೆಟ್ಟು. “ಅಲ್ಲಾ, ಇದೇನಣ್ಣಾ, ಇಡೀ ಗ್ಯಾರೇಜೇ ತಂದಿದ್ದೀರಲ್ಲ!” ಕ್ಲಚ್ ಪ್ಲೇಟು ಒಂದೊಂದಾಗಿ. ಆ ಕಡೆಯ ಬಾಕ್ಸು. ನಾನು ಕುಳ್ಳ. ಖಾಲಿ ಗಾಡಿಯ ಮೇಲೆ ಕೂತರೆ ನನ್ನ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಬೆರಳಷ್ಟೇ ಊರಿರುತ್ತದೆ. ಅವಳು ಒಂದೊಂದು ತೆಗೆದ ಹಾಗೂ ಸೀಟು ಏರಿತು, ಹಿಮ್ಮಡಿ ಎದ್ದಿತು. ಕೊನೆಗೆ ಮುರಿದ ಕಿಕ್ಕರು ತೆಗೆದಿಟ್ಟು, ಬಾಕ್ಸಿನೊಳಗೆ ಕೈಯಾಡಿಸಿ, “ಆಯ್ತು, ಏನೂ ಇಲ್ಲ” ಅಂದಳು.

ದಿನಾ ಕೂರುವ ಗಾಡಿ ಅದು. ಅದರ ಎತ್ತರ, ಬಿಗಿ ಮಾಡಿದ ಸ್ಪ್ರಿಂಗಿನ ಲೆಕ್ಕ ಸೇರಿಸಿಯೇ, ನನ್ನ ಕಾಲಿಗೆ ಗೊತ್ತು. ಎರಡು ವಾಷರಿನಷ್ಟು ಕಡಿಮೆಯಿತ್ತು.

ಮತ್ತೆ ನೋಡಿಕೊಂಡೆ. ಎಡಗಾಲು, ಬಲಗಾಲು. ಉಸಿರು ಬಿಗಿಹಿಡಿದು ಕೂತೆ. ಕಡಿಮೆಯೇ ಇತ್ತು.

“ಅವ್ರೆ” ಅಂದೆ.

ನಸೀಮಾ ಹಿಂದಿನ ಸೀಟಿನ ಕಡೆ ನೋಡಿ, ಸ್ವಲ್ಪ ದೂರ ಸರಿದು ನಿಂತಳು, ದೊಡ್ಡವರ ಮುಂದೆ ನಿಲ್ಲುವ ಹಾಗೆ. ನಾನು ಏನೇನೋ ಹೇಳಬೇಕು ಅಂದುಕೊಂಡೆ. ಒಂಬತ್ತು ವರ್ಷ ನಿಮ್ಮ ಬಗ್ಗೆ ಹೇಳಿದ್ದೆಲ್ಲ ಸುಳ್ಳು, ಲಾರಿ ಹಾರನ್ನಿಗೆ ನೀವು ಹೆದರುತ್ತೀರೋ ಇಲ್ಲವೋ ನನಗೆ ಗೊತ್ತೇ ಇಲ್ಲ ಅನ್ನಬೇಕು ಅಂದುಕೊಂಡೆ. ಹಾಗೇ ಕೂತೆ. ಎಷ್ಟು ಹೊತ್ತೋ.

“ಅಣ್ಣಾ,” ಅಂದಳು ಮೆತ್ತಗೆ, “ಹೇಳಿಬಿಡಿ. ಅಷ್ಟು ದೂರದಿಂದ ಬಂದವ್ರೆ. ಅವರೂ ಒಳಗೆ ಹೋಗಬೇಕಲ್ವಾ? ಬಿಸಿಲಲ್ಲಿ ಕೂರಿಸ್ಕೊಂಡಿದ್ದೀರಿ.”

ಅದು ನನಗೆ ತಟ್ಟಿತು. ಅವರು ಬಂದದ್ದು ಕೋಟೆಗೆ. ನನ್ನ ಗಾಡಿ ದಾರಿಯಷ್ಟೇ.

“ಇಳೀರಿ” ಅಂದೆ.

ಎರಡು ವಾಷರಿನಷ್ಟು ಮೇಲೆ ಬಂದೆ. ಸದ್ದಿಲ್ಲ, ಗಾಳಿಯಿಲ್ಲ, ಏನೂ ಇಲ್ಲ. ಹಿಮ್ಮಡಿ ಪೂರ್ತಿ ನೆಲ ಬಿಟ್ಟಿತು. ಖಾಲಿ ಸೀಟು ನನಗೆ ಹೊಸದಲ್ಲ, ಅದರ ಜೊತೆಯಲ್ಲೇ ಬದುಕಿದವನು. ಆದರೆ ಯಾರೋ ಎದ್ದುಹೋದ ಸೀಟು ಬೇರೆ. ಬೆನ್ನಿನ ಹಿಂದೆ ಅಷ್ಟು ಜಾಗ ಇದೆ ಅಂತಲೇ ನನಗೆ ಅದುವರೆಗೆ ಗೊತ್ತಿರಲಿಲ್ಲ. ನೋಡಬೇಕಾದ್ದೇನೂ ಇಲ್ಲದಿದ್ದರೂ ಬಗ್ಗಿ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕು ನೋಡಿದೆ.

“ಪ್ರತಿ ವರ್ಷ ಹೀಗೇನಾ ತಂಗಿ?”

“ಮತ್ತೆ? ಮೇಷ್ಟ್ರು ಅಷ್ಟು ಜೋರಾಗಿ ವಿಶಲ್ ಯಾಕೆ ಊದ್ತಾರೆ ಅಂದ್ಕೊಂಡಿದ್ರಿ?”

ಮೇಲಿನಿಂದ ಮಾತು ಹತ್ತಿರವಾಗುತ್ತಿತ್ತು, ಎಲ್ಲರೂ ಇಳಿದು ಬರುತ್ತಿದ್ದರು. ಗೋಡೆಯ ಬುಡದಲ್ಲಿ ನನ್ನ ಕಬ್ಬಿಣ ಗುಡ್ಡೆ ಬಿದ್ದಿತ್ತು. ಯತಿರಾಜನ ಕಣ್ಣಿಗೆ ಬೀಳದೆ ಇರುತ್ತದೆಯೇ? “ಕೇಳ್ತಾರಲ್ಲ, ಏನ್ ಹೇಳಲಿ?” ಅಂದೆ.

“ತೂಕ ತಾನೆ ಕೇಳೋದು? ಹದಿನೆಂಟು ಅನ್ನಿ.” ಎರಡೂ ಕೈ ಮುಂದೆ ಚಾಚಿದಳು. ಮೊಣಕೈವರೆಗೆ ಕಪ್ಪು ಗ್ರೀಸು. “ಮೊದಲು ಇಳಿದು ಬಂದು ನೀರು ಹಾಕಿ. ಈ ಕೈಯಲ್ಲಿ ನಿಮಗೆ ಅನ್ನ ಹೆಂಗೆ ಕೊಡಲಿ?”

ಸ್ಟ್ಯಾಂಡು ಹಾಕಿ ಇಳಿದೆ. ಈಗ ನಿಜವಾಗಿಯೂ ಜೋಮು ಹಿಡಿದಿತ್ತು, ಎರಡು ಹೆಜ್ಜೆಗೆ ತೂರಾಡಿ ಅವಳ ಹೆಗಲು ಹಿಡಿದುಕೊಂಡೆ. ಬಾಟಲಿಯ ಮುಚ್ಚಳ ತೆಗೆದು ನೀರು ಬಗ್ಗಿಸಿದೆ. ಅವಳು ಗೋಡೆಯ ಬುಡದ ಮಣ್ಣು ತೆಗೆದುಕೊಂಡು ಉಜ್ಜತೊಡಗಿದಳು. ಗ್ರೀಸು ಬೇಗ ಬಿಡುವುದಿಲ್ಲ. ನಾನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ನಿಂತೆ.